ನೀರು ಎಷ್ಟು ದಿನ ನಿಲ್ಲುತ್ತದೆ: ಕಪ್ಪೆಗಳ ಬದುಕು, ಸಂತಾನ ಮತ್ತು ನೆಲೆಗಳು

ಕೇರಳಕ್ಕೆ ನೈಋತ್ಯ ಮುಂಗಾರು ಕಾಲಿಡುವ ವಾಡಿಕೆಯ ದಿನ ಜೂನ್ 1. 2023ರಲ್ಲಿ ಅದು ಜೂನ್ 8ಕ್ಕೆ ಬಂತು, 2024ರಲ್ಲಿ ಮೇ 30ಕ್ಕೆ, 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು. ಏಣೆಲು (ಮಳೆಗಾಲದ ಮೊದಲ ಭತ್ತದ ಬೆಳೆ) ಗದ್ದೆ ಹೂಡುವವರಿಗೂ ಅಡಿಕೆಗೆ ಮದ್ದು ಬಿಡುವವರಿಗೂ ಈ ಏರುಪೇರಿನ ಅರ್ಥ ಚೆನ್ನಾಗಿ ಗೊತ್ತು. ಇದೇ ವರ್ಷಗಳಲ್ಲಿ ಕಾಸರಗೋಡಿನ ಗುಡ್ಡೆಗಳೂ ರೂಪ ಬದಲಿಸುತ್ತಿವೆ. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ, ಕೆಂಪುಕಲ್ಲಿನ ಕೋರೆಗಳಿಗೆ, ಮನೆ ಕಟ್ಟುವ ಜಾಗಕ್ಕೆ ಎಂದು ಗುಡ್ಡೆ ತಗ್ಗಿದಲ್ಲೆಲ್ಲ ಮಳೆಗಾಲದಲ್ಲಿ ಅಲ್ಲಿ ನಿಲ್ಲುತ್ತಿದ್ದ ನೀರಿನ ಜಾಗವೂ ಇಲ್ಲವಾಗುತ್ತದೆ. ಮಳೆ ಬರುವ ದಿನ, ನೀರು ನಿಲ್ಲುವ ಸ್ಥಳ ಇವೆರಡೂ ಒಟ್ಟಿಗೆ ಬದಲಾದಾಗ ಮೊದಲು ಪೆಟ್ಟು ತಿನ್ನುವ ಜೀವಿಗಳಲ್ಲಿ ಕಪ್ಪೆಯೂ ಒಂದು. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯು ಕಪ್ಪೆಗಳನ್ನು ಒಳಗೊಂಡ ಉಭಯವಾಸಿ ವರ್ಗದ ಪ್ರಭೇದಗಳಲ್ಲಿ ಸುಮಾರು ಶೇ. 41ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಹೇಳಿತು. ಇದು ಹಕ್ಕಿಗಳಿಗಿಂತಲೂ ಸಸ್ತನಿಗಳಿಗಿಂತಲೂ ಹೆಚ್ಚಿನ ಪಾಲು. ಹೀಗೇಕೆ ಎಂಬುದು ತಿಳಿಯಬೇಕಾದರೆ ಕಪ್ಪೆ ಬದುಕುವ ಬಗೆಯನ್ನೇ ಮೊದಲಿನಿಂದ ನೋಡಬೇಕಾಗುತ್ತದೆ.

ತೊಡಕು ಇರುವುದು ಚರ್ಮದಲ್ಲಿ ಮತ್ತು ಮೊಟ್ಟೆಯಲ್ಲಿ

ಕಪ್ಪೆಯ ಮೈಗೆ ಹಲ್ಲಿಯ ಹಾಗೆ ಹುರುಪೆಯಿಲ್ಲ, ಹಕ್ಕಿಯ ಹಾಗೆ ಗರಿಯಿಲ್ಲ, ನಮ್ಮ ಹಾಗೆ ಒಣಗಿದ ದಪ್ಪ ಹೊರಪದರವೂ ಇಲ್ಲ. ಬೇಸಿಗೆಯಲ್ಲಿ ನೀರು ತುಂಬಿಟ್ಟ ಮಣ್ಣಿನ ಹೂಜಿ ಸದಾ ಬೆವರುವಂತೆ ಕಪ್ಪೆಯ ಮೈಯಿಂದಲೂ ನೀರು ಹೊರಬಂದು ಆವಿಯಾಗುತ್ತಲೇ ಇರುತ್ತದೆ. ವ್ಯತ್ಯಾಸವೆಂದರೆ ಈ ಹೂಜಿ ಹೊರಗಿನ ನೀರನ್ನು ಒಳಕ್ಕೂ ಎಳೆದುಕೊಳ್ಳಬಲ್ಲದು. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಹೊಟ್ಟೆಯೂರಿ ಕುಳಿತರೆ ಹೊಟ್ಟೆಯ ಮತ್ತು ತೊಡೆಯ ಅಡಿಯ ತೆಳು ಚರ್ಮದ ಮೂಲಕವೇ ನೀರು ಮೈಗೆ ಸೇರುತ್ತದೆ. ಶ್ವಾಸಕೋಶ ಇದ್ದರೂ ಉಸಿರಾಟದ ಒಂದು ಪಾಲು ಚರ್ಮದ ಮೂಲಕ ನಡೆಯುತ್ತದೆ, ಮತ್ತು ಚರ್ಮ ಒದ್ದೆಯಾಗಿದ್ದರೆ ಮಾತ್ರ ಗಾಳಿಯ ಆಮ್ಲಜನಕ ಅದರಲ್ಲಿ ಕರಗಿ ರಕ್ತಕ್ಕೆ ಇಳಿಯುತ್ತದೆ. ನೀರನ್ನು ಬಿಟ್ಟುಕೊಳ್ಳುವ ಈ ಚರ್ಮ ನೀರಿನಲ್ಲಿರುವ ವಿಷವನ್ನೂ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲದ ಕಥೆಯನ್ನು ಹೇಳುವಾಗ ಮನುಷ್ಯರ ನೋವಿನ ಜೊತೆಗೆ ಇದನ್ನೂ ನೆನೆಯಬೇಕು. ಮೀನು ಮತ್ತು ಗೊದಮೊಟ್ಟೆಗಳಂಥ ಜಲಜೀವಿಗಳಿಗೆ ಅದು ತೀವ್ರ ವಿಷ.

ಇನ್ನು ಮೊಟ್ಟೆಯ ವಿಷಯ. ಕೋಳಿಯ ಮೊಟ್ಟೆಗೆ ಗಟ್ಟಿ ಚಿಪ್ಪಿದೆ, ಆದ್ದರಿಂದ ಅದು ಒಣ ಹುಲ್ಲಿನ ಮೇಲೂ ಉಳಿಯುತ್ತದೆ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಲೋಳೆಯ ಹೊದಿಕೆ ಮಾತ್ರ ಇರುತ್ತದೆ. ಬಿಸಿಲಿಗೆ ಬಿದ್ದರೆ ಅದು ಸ್ವಲ್ಪ ಹೊತ್ತಿನಲ್ಲೇ ಒಣಗುತ್ತದೆ. ನೀರಿನಲ್ಲಿಟ್ಟ ಮೊಟ್ಟೆ ಒಡೆದು ಬರುವ ಮರಿಯೇ ಗೊದಮೊಟ್ಟೆ: ಕಿವಿರಿನಿಂದ ಉಸಿರಾಡುವ, ಬಾಲದಿಂದ ಈಜುವ, ಹೆಚ್ಚಾಗಿ ಪಾಚಿ ಕೆರೆದು ತಿನ್ನುವ ಜೀವಿ. ಪಾಚಿ ಜೀರ್ಣಿಸಲು ಅದಕ್ಕೆ ಸುರುಳಿ ಸುತ್ತಿದ ಉದ್ದನೆಯ ಕರುಳು ಬೇಕು. ಕೆಲವು ವಾರಗಳ ಬಳಿಕ ಥೈರಾಯ್ಡ್ ಹಾರ್ಮೋನಿನ ಪ್ರಭಾವದಿಂದ ಇಡೀ ದೇಹ ಮರುರಚನೆಯಾಗುತ್ತದೆ. ಕಾಲು ಮೂಡುತ್ತದೆ, ಕಿವಿರು ಹೋಗಿ ಶ್ವಾಸಕೋಶ ಕೆಲಸ ಆರಂಭಿಸುತ್ತದೆ, ಕರುಳು ಗಿಡ್ಡವಾಗುತ್ತದೆ, ಬಾಲ ಕರಗಿ ದೇಹಕ್ಕೇ ಆಹಾರವಾಗುತ್ತದೆ. ಇದಕ್ಕೆ ರೂಪಾಂತರ ಎನ್ನುತ್ತಾರೆ. ರೂಪಾಂತರ ಮುಗಿಯುವ ಮೊದಲೇ ನೀರು ಬತ್ತಿದರೆ ಆ ಇಡೀ ಪೀಳಿಗೆ ಸಾಯುತ್ತದೆ.

ಜಗತ್ತಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಭೇದದ ಕಪ್ಪೆಗಳಿವೆ. ಅವುಗಳ ವೈವಿಧ್ಯವನ್ನು ಅರ್ಥ ಮಾಡಿಕೊಳ್ಳಲು ನನಗೆ ಕಂಡ ಅತ್ಯಂತ ನೇರವಾದ ದಾರಿ ಒಂದೇ ಪ್ರಶ್ನೆಯನ್ನು ಎಲ್ಲ ಕಡೆ ಕೇಳುವುದು: ಈ ಜಾಗದಲ್ಲಿ ನೀರು ಎಷ್ಟು ದಿನ ನಿಲ್ಲುತ್ತದೆ, ಆ ನೀರಿನಲ್ಲಿ ಮತ್ತೆ ಯಾರು ಇದ್ದಾರೆ? ಹೊಂದಾಣಿಕೆ ಎಂಬ ಪದದ ಅರ್ಥವೂ ಇಲ್ಲಿಯೇ ಸ್ಪಷ್ಟವಾಗಬೇಕು. ಒಂದು ಕಪ್ಪೆ ಯೋಚಿಸಿ ತನ್ನ ನಡೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಇದರ ಅರ್ಥವಲ್ಲ. ಒಂದು ನೆಲೆಯ ನೀರಿಗೆ ಒಗ್ಗುವ ಗುಣವಿದ್ದ ಕಪ್ಪೆಗಳ ಮರಿಗಳು ಹೆಚ್ಚು ಉಳಿದು, ಸಾವಿರಾರು ಪೀಳಿಗೆಗಳಲ್ಲಿ ಆ ಗುಣವೇ ಇಡೀ ಪ್ರಭೇದದ ಸ್ವಭಾವವಾಗಿ ನೆಲೆಗೊಂಡಿದೆ ಎಂದಷ್ಟೇ.

ಗುಡ್ಡೆಯ ಪಳ್ಳಗಳು: ಬೇಗ ತುಂಬಿ ಬೇಗ ಬತ್ತುವ ನೀರು

ಕಾಸರಗೋಡಿನ ಕೆಂಪುಕಲ್ಲಿನ ಗುಡ್ಡೆಗಳ ತಲೆಯ ಮೇಲೆ ಮಣ್ಣು ಕಡಿಮೆ, ಬಂಡೆಯಂಥ ಗಟ್ಟಿ ಪದರ ಹೆಚ್ಚು. ಅದರ ತಗ್ಗುಗಳಲ್ಲಿ ಜೂನ್‌ನಿಂದ ನೀರು ತುಂಬುತ್ತದೆ. ಅಂಗೈಯಗಲದ ಕುಳಿಯಿಂದ ಎಮ್ಮೆ ಮೀಯಿಸುವಷ್ಟು ದೊಡ್ಡ ಪಳ್ಳದವರೆಗೆ ಇವುಗಳ ಗಾತ್ರ ಬೇರೆ ಬೇರೆ. ಮಳೆ ನಿಂತ ಮೇಲೆ ಚಿಕ್ಕವು ದಿನಗಳಲ್ಲಿ ಬತ್ತುತ್ತವೆ, ದೊಡ್ಡವು ಬೇಸಿಗೆಯವರೆಗೂ ಎಳೆಯುತ್ತವೆ.

ಬತ್ತುವ ನೀರಿನಲ್ಲಿ ಮೊಟ್ಟೆಯಿಡುವುದು ಮೇಲ್ನೋಟಕ್ಕೆ ಮೂರ್ಖತನವೆನಿಸಬಹುದು. ಆದರೆ ವರ್ಷಕ್ಕೊಮ್ಮೆ ಪೂರ್ತಿ ಒಣಗುವ ಪಳ್ಳದಲ್ಲಿ ಮೀನು ಬದುಕುವುದಿಲ್ಲ, ಮತ್ತು ಗೊದಮೊಟ್ಟೆಯ ಅತಿದೊಡ್ಡ ವೈರಿ ಮೀನೇ. ನೆರಳಿಲ್ಲದ ಕಾರಣ ನೀರು ಬೆಚ್ಚಗಿರುತ್ತದೆ, ಬಿಸಿಲಿಗೆ ಪಾಚಿ ಬೇಗ ಬೆಳೆಯುತ್ತದೆ, ಬೆಚ್ಚನೆಯ ನೀರಿನಲ್ಲಿ ಗೊದಮೊಟ್ಟೆಯೂ ಬೇಗ ಬಲಿಯುತ್ತದೆ. ವೈರಿಯಿಲ್ಲದ, ಊಟ ಹೇರಳವಾಗಿರುವ, ಆದರೆ ಗಡುವು ಹಾಕಿದ ಮನೆ ಅದು. ಇಂಥ ನೀರನ್ನು ನಂಬಿದ ಕಪ್ಪೆಗಳು ಮೊದಲ ಜೋರು ಮಳೆಗೆ ಒಂದೆರಡು ರಾತ್ರಿಗಳಲ್ಲೇ ಗುಂಪುಗೂಡಿ ಕೂಡುತ್ತವೆ. ನೀರು ತುಂಬಿದ ಮೊದಲ ದಿನವೇ ಮೊಟ್ಟೆ ಬಿದ್ದರೆ ಮರಿಗೆ ಸಿಗುವ ಕಾಲ ಅಷ್ಟು ಹೆಚ್ಚು.

ಹೊಸ ಮಳೆಗೆ ಗದ್ದೆಯಂಚಿನಲ್ಲಿ ಕಾಣುವ ದೊಡ್ಡ ಗೂಳಿಕಪ್ಪೆ ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ವರ್ಷವಿಡೀ ಹಸಿರು ಕಂದು ಬಣ್ಣದಲ್ಲಿ ಮರೆಯಾಗಿರುವ ಗಂಡು ಕೂಡುವ ಕಾಲಕ್ಕೆ ಅರಿಸಿನ ಬಣ್ಣಕ್ಕೆ ತಿರುಗುತ್ತದೆ, ಗಂಟಲಿನ ಎರಡು ಚೀಲಗಳು ಕಡುನೀಲಿಯಾಗುತ್ತವೆ. ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಇದರ ಗೊದಮೊಟ್ಟೆಗಳು ಪಾಚಿಗೆ ಕಾಯುವುದಿಲ್ಲ. ಬೇರೆ ಕಪ್ಪೆಗಳ ಗೊದಮೊಟ್ಟೆ, ಸೊಳ್ಳೆಯ ಮರಿ, ಕೊನೆಗೆ ತಮ್ಮದೇ ಒಡಹುಟ್ಟುಗಳನ್ನೂ ತಿನ್ನುತ್ತವೆ. ಮಾಂಸದ ಊಟದಿಂದ ಬೆಳವಣಿಗೆ ವೇಗವಾಗುತ್ತದೆ, ಗಡುವಿನೊಳಗೆ ಒಂದಷ್ಟಾದರೂ ಮರಿಗಳು ದಡ ಸೇರುತ್ತವೆ. ಒಂದು ಕಾಲಕ್ಕೆ ಕೇರಳದಿಂದ ಈ ಕಪ್ಪೆಯ ಕಾಲುಗಳನ್ನು ಹಡಗಿನಲ್ಲಿ ಹೊರದೇಶಕ್ಕೆ ಕಳಿಸುತ್ತಿದ್ದರು; ಭಾರತ 1987ರಲ್ಲಿ ಆ ರಫ್ತನ್ನು ನಿಷೇಧಿಸಿತು.

ಕೆಂಪುಕಲ್ಲಿಗೇ ಅಂಟಿಕೊಂಡ ಪ್ರಭೇದಗಳೂ ಇವೆ. 2016ರಲ್ಲಿ ಮಣಿಪಾಲದ ಸುತ್ತಲಿನ ಕೆಂಪುಕಲ್ಲಿನ ಬಯಲುಗಳಿಂದ ವಿಜ್ಞಾನಿಗಳು ವಿವರಿಸಿದ ಮೈಕ್ರೊಹೈಲಾ ಲ್ಯಾಟರೈಟ್ ಎಂಬ ಕಿರುಬಾಯಿಯ ಕಪ್ಪೆ ಎರಡು ಸೆಂಟಿಮೀಟರಿನಷ್ಟೂ ಉದ್ದವಿಲ್ಲ, ಅದರ ಕೂಗನ್ನು ಜೀರುಂಡೆಯದೆಂದೇ ಭಾವಿಸುವಷ್ಟು ಹೋಲಿಕೆಯಿದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಆಂಬೋಲಿಯ ಕೆಂಪುಕಲ್ಲಿನ ಹಾಸಿನಲ್ಲಿ ಮಾತ್ರ ಎಂಬಷ್ಟು ಕಿರಿದಾದ ಪ್ರದೇಶದಲ್ಲಿ ಹಳದಿ ಪಟ್ಟೆಗಳ ಒಂದು ನೆಲಗಪ್ಪೆ ಬದುಕಿದೆ. 2009ರಲ್ಲಿ ವಿವರಿಸಲಾದ ಅದು ಮಳೆಗಾಲದ ಆರಂಭದಲ್ಲಿ ಬಂಡೆಯ ಮೇಲಿನ ತಾತ್ಕಾಲಿಕ ನೀರನ್ನೇ ಸಂತಾನಕ್ಕೆ ನಂಬಿದೆ. ಪಾಳುಭೂಮಿ ಎಂದು ದಾಖಲೆಗಳಲ್ಲಿ ಬರೆಸಿಕೊಂಡ ಗುಡ್ಡೆಯ ತಲೆಯೇ ಇಂಥ ಜೀವಿಗಳ ಹುಟ್ಟುಮನೆ ಎಂಬುದನ್ನು ನಾವು ತೀರಾ ತಡವಾಗಿ ಅರಿಯುತ್ತಿದ್ದೇವೆ.

ಬಾವಿ, ಮದಕ, ತೋಟದ ಕಣಿ: ಬತ್ತದ ನೀರು

ನೀರು ವರ್ಷವಿಡೀ ಇರುವ ಕೆರೆ, ಮದಕ, ಬಾವಿಗಳಲ್ಲಿ ಲೆಕ್ಕ ಬೇರೆ. ಇಲ್ಲಿ ಅವಸರವಿಲ್ಲ, ಆದರೆ ಮೀನು, ನೀರುಹಾವು, ಆಮೆಗಳ ಕಾಟವಿದೆ. ಕಣ್ಣು ಮಾತ್ರ ಮೇಲಿಟ್ಟು ನೀರಿನಲ್ಲಿ ತೇಲುತ್ತ, ಕಾಲ ಸಪ್ಪಳ ಕೇಳಿದೊಡನೆ ನೀರಿನ ಮೇಲ್ಮೈಯಲ್ಲೇ ಚಿಮ್ಮಿ ಚಿಮ್ಮಿ ಓಡುವ ಕಂದು ಕಪ್ಪೆಯನ್ನು ಕೆರೆಯ ಕಟ್ಟೆಯಲ್ಲಿ ಕುಳಿತವರೆಲ್ಲ ಕಂಡಿರುತ್ತಾರೆ. ಬೆರಳ ತುದಿಯವರೆಗೂ ಜಾಲಪಾದವಿರುವ ಇದು ನೀರಿದ್ದಲ್ಲಿ ಹೆಚ್ಚುಕಡಿಮೆ ಇಡೀ ವರ್ಷ ಮರಿ ಮಾಡಬಲ್ಲದು, ಇದರ ಗೊದಮೊಟ್ಟೆಗಳು ನಿಧಾನವಾಗಿ ದೊಡ್ಡ ಗಾತ್ರಕ್ಕೆ ಬೆಳೆಯುತ್ತವೆ. ಮನೆಯಂಗಳದ ನೆಲಗಪ್ಪೆ ವೈರಿಯನ್ನು ಎದುರಿಸುವ ದಾರಿ ವಿಷದ್ದು. ಕಣ್ಣಿನ ಹಿಂದಿನ ಉಬ್ಬು ಗ್ರಂಥಿಗಳಲ್ಲಿ ವಿಷವಿರುವುದರಿಂದ ಅದನ್ನು ಕಚ್ಚಿದ ನಾಯಿ ಬಾಯಲ್ಲಿ ನೊರೆ ಸುರಿಸುತ್ತದೆ. ಮಣಿಸರದಂತೆ ಉದ್ದನೆಯ ಎಳೆಯಾಗಿ ಇಟ್ಟ ಅದರ ಮೊಟ್ಟೆಗಳಿಂದ ಹೊರಬರುವ ಕಪ್ಪು ಗೊದಮೊಟ್ಟೆಗಳು ಗುಂಪಾಗಿ ಈಜುತ್ತವೆ. ಅವುಗಳ ರುಚಿಯೂ ಹಲವು ವೈರಿಗಳಿಗೆ ಸೇರದು.

ಅಡಿಕೆ ತೋಟದ ಕಣಿಗಳು, ಅಂದರೆ ಸಾಲುಗಳ ನಡುವಿನ ಕಾಲುವೆಗಳು, ಬತ್ತುವ ಪಳ್ಳ ಮತ್ತು ಬತ್ತದ ಕೆರೆ ಈ ಎರಡರ ನಡುವಿನ ನೆಲೆ. ಮಳೆಗಾಲವಿಡೀ ನೆರಳಿನಲ್ಲಿ ತೆಳ್ಳಗೆ ಹರಿಯುವ ನೀರು ಹಲವು ಸಣ್ಣ ಕಪ್ಪೆಗಳಿಗೆ ಒಪ್ಪುತ್ತದೆ. ಆದರೆ ಕೊಳೆರೋಗಕ್ಕೆಂದು ಬಿಡುವ ಬೋರ್ಡೋ ದ್ರಾವಣದ ಮೈಲುತುತ್ತಿನಲ್ಲಿ ತಾಮ್ರವಿದೆ, ತಾಮ್ರ ಗೊದಮೊಟ್ಟೆಗಳಿಗೆ ವಿಷ. ಮದ್ದು ಕಲಸಿದ ಡ್ರಮ್ಮನ್ನು ಕಣಿಯ ನೀರಿನಲ್ಲೇ ತೊಳೆಯುವುದಕ್ಕೂ ನೀರಿನಿಂದ ದೂರ ಒಯ್ದು ತೊಳೆಯುವುದಕ್ಕೂ ಅವುಗಳ ಪಾಲಿಗೆ ಬಹಳ ಅಂತರವಿದೆ.

ನೀರಿನ ಮೇಲೆ ತೂಗುವ ನೊರೆಗೂಡು

ಮಳೆಗಾಲದಲ್ಲಿ ಬಾವಿಯ ಒಳಗೋಡೆಗೆ, ನೀರಿನ ಟ್ಯಾಂಕಿನ ಅಂಚಿಗೆ, ಕೆರೆಯ ಮೇಲೆ ಬಾಗಿದ ಕೊಂಬೆಗೆ ಬಿಳಿ ನೊರೆಯ ಮುದ್ದೆ ಅಂಟಿಕೊಂಡಿರುವುದನ್ನು ಕಂಡು ಗಾಬರಿಯಾಗುವವರಿದ್ದಾರೆ. ಅದು ಮರಗಪ್ಪೆಯ ಗೂಡು. ಮೊಟ್ಟೆಯಿಡುವಾಗ ಹೆಣ್ಣು ಒಂದು ಬಗೆಯ ಅಂಟುದ್ರವವನ್ನೂ ಹೊರಬಿಡುತ್ತದೆ, ಹಿಂಗಾಲುಗಳಿಂದ ಅದನ್ನು ಕಡೆಕಡೆದು ಗಾಳಿ ತುಂಬಿಸಿ ನೊರೆ ಮಾಡುತ್ತದೆ, ಗಂಡು ಅದರ ಬೆನ್ನ ಮೇಲಿದ್ದು ಮೊಟ್ಟೆಗಳನ್ನು ಫಲಿತಗೊಳಿಸುತ್ತದೆ. ಹೊರಗಿನ ಪದರ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ತೇವ ಉಳಿಯುತ್ತದೆ. ನೊರೆಯ ಗುಳ್ಳೆಗಳಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿಯೂ ಇದೆ. ಕೆಲವು ದಿನಗಳಲ್ಲಿ ಮೊಟ್ಟೆಯೊಡೆದ ಗೊದಮೊಟ್ಟೆಗಳು ನೊರೆ ಮೆತ್ತಗಾದಾಗ, ಹೆಚ್ಚಾಗಿ ಮಳೆ ಬಿದ್ದಾಗ, ಕೆಳಗಿನ ನೀರಿಗೆ ಉದುರುತ್ತವೆ.

ಇದರ ಲಾಭ ಸರಳ. ಮೀನಿರುವ ನೀರಿನಲ್ಲಿ ಅತ್ಯಂತ ಅಸಹಾಯಕ ಹಂತವೆಂದರೆ ಅಲುಗಾಡಲಾರದ ಮೊಟ್ಟೆ. ಆ ಹಂತವನ್ನು ನೀರಿನ ಹೊರಗೇ ದಾಟಿಸಿ, ಈಜಬಲ್ಲ ಮರಿಯನ್ನು ಮಾತ್ರ ನೀರಿಗೆ ಇಳಿಸಲಾಗುತ್ತದೆ. ಮನೆಯ ಬಚ್ಚಲಿಗೂ ಬರುವ ನಮ್ಮ ಸಾಮಾನ್ಯ ಮರಗಪ್ಪೆಗೆ ಇನ್ನೊಂದು ಗುಣವೂ ಇದೆ: ಚರ್ಮದಿಂದ ಒಸರುವ ಜಿಡ್ಡನ್ನು ಅದು ಕಾಲುಗಳಿಂದ ಮೈಗೆಲ್ಲ ಸವರಿಕೊಳ್ಳುತ್ತದೆ, ಇದರಿಂದ ಮೈಯ ನೀರು ಆವಿಯಾಗುವುದು ಕಡಿಮೆಯಾಗುತ್ತದೆ. ನೀರಿನಿಂದ ದೂರ, ಗೋಡೆಯ ಮೇಲೆ ಹಗಲಿಡೀ ಮುದುಡಿ ಕೂರಲು ಅದಕ್ಕೆ ಸಾಧ್ಯವಾಗುವುದರಲ್ಲಿ ಈ ಜಿಡ್ಡಿನ ಪಾಲೂ ಇದೆ. ಪಶ್ಚಿಮಘಟ್ಟದ ಹಾರುವ ಕಪ್ಪೆ ಇದೇ ಬಳಗದ್ದು. ಕೈಕಾಲು ಬೆರಳುಗಳ ನಡುವಿನ ಅಗಲವಾದ ಕೆಂಪು ಕಿತ್ತಳೆ ಪೊರೆಯನ್ನು ಬಿಡಿಸಿ ಮರದಿಂದ ಮರಕ್ಕೆ ಹತ್ತು ಮೀಟರಿನ ಆಸುಪಾಸು ತೇಲಿ ಇಳಿಯಬಲ್ಲ ಈ ಕಪ್ಪೆಯೂ ನೀರಿನ ಮೇಲಿನ ಎಲೆಗಳನ್ನು ಸೇರಿಸಿ ನೊರೆಗೂಡು ಕಟ್ಟುತ್ತದೆ.

ನೀರಿನ ಮೇಲೆ ಮೊಟ್ಟೆಯಿಡುವ ಎಲ್ಲ ಕಪ್ಪೆಗಳೂ ನೊರೆ ಕಟ್ಟುವುದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಿಂದ 2014ರಲ್ಲಿ ವಿವರಿಸಲಾದ ಕುಂಬಾರ ಕಪ್ಪೆಯಲ್ಲಿ ಹೆಣ್ಣು ಕಡ್ಡಿಗೋ ಬೇರಿಗೋ ಮೊಟ್ಟೆ ಅಂಟಿಸಿ ಹೋದ ಮೇಲೆ ಗಂಡು ತೊರೆಯಿಂದ ಕೈಯಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಕೆಸರು ಮೊಟ್ಟೆಯನ್ನು ಒಣಗದಂತೆ ಕಾಯುತ್ತದೆ, ಬಹುಶಃ ವೈರಿಯ ಕಣ್ಣಿನಿಂದಲೂ. ನನಗೆ ಈ ಲೇಖನದ ಎಲ್ಲ ಕಪ್ಪೆಗಳಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಇದು.

ಗೊದಮೊಟ್ಟೆಯೇ ಇಲ್ಲದ ಕಪ್ಪೆಗಳು

ಮಲೆಕಾಡಿನಲ್ಲಿ ರಾತ್ರಿ ಪೊದೆಪೊದೆಯಿಂದ ಟಿಕ್ ಟಿಕ್ ಎನ್ನುವ ಪೊದೆಗಪ್ಪೆಗಳು ನೀರಿನ ಹಂಗನ್ನು ಇನ್ನಷ್ಟು ಕಳಚಿಕೊಂಡಿವೆ. ಪಶ್ಚಿಮಘಟ್ಟದಲ್ಲಿ ಇವುಗಳ ಹತ್ತಾರು ಪ್ರಭೇದಗಳಿವೆ, ಹೆಚ್ಚಿನವು ಎರಡು ಮೂರು ಸೆಂಟಿಮೀಟರಿನವು. ಎಲೆಯ ಮೇಲೆ ಅಥವಾ ತರಗೆಲೆಯ ಅಡಿಯ ತೇವದಲ್ಲಿ ಇಟ್ಟ ಮೊಟ್ಟೆಯೊಳಗೇ ಗೊದಮೊಟ್ಟೆಯ ಹಂತವೂ ಮುಗಿದು, ನಾಲ್ಕು ಕಾಲಿನ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಅಷ್ಟು ದಿನದ ಊಟವೆಲ್ಲ ಮೊಟ್ಟೆಯೊಳಗೇ ಇರಬೇಕಾದ್ದರಿಂದ ಮೊಟ್ಟೆ ದೊಡ್ಡದಾಗಿರಬೇಕು, ಮೊಟ್ಟೆ ದೊಡ್ಡದಾದರೆ ಸಂಖ್ಯೆ ಕಡಿಮೆಯಾಗುತ್ತದೆ. ಗೂಳಿಕಪ್ಪೆ ಸಾವಿರಾರು ಮೊಟ್ಟೆ ಇಟ್ಟು ಕೆಲವನ್ನು ಉಳಿಸಿಕೊಂಡರೆ ಪೊದೆಗಪ್ಪೆ ಕೆಲವೇ ಮೊಟ್ಟೆಗಳಿಗೆ ಹೆಚ್ಚು ಬಂಡವಾಳ ಹೂಡುತ್ತದೆ. ತಮಿಳುನಾಡಿನ ದಕ್ಷಿಣ ತುದಿಯ ಕಳಕ್ಕಾಡು ಮುಂಡಂತುರೈ ಕಾಡಿನ ಒಂದು ಪ್ರಭೇದವಂತೂ ಸಣ್ಣ ಬಿರುಕಿರುವ ಬಿದಿರಿನ ಗೆಣ್ಣಿನೊಳಗೆ ನುಸುಳಿ ಅಲ್ಲಿಯೇ ಮೊಟ್ಟೆಯಿಡುತ್ತದೆ, ಗಂಡು ಒಳಗಿದ್ದು ಕಾಯುತ್ತದೆ. ಕೆರೆ ತೊರೆಗಳು ಬೇಡವಾದರೂ ತೇವದ ಗಾಳಿ ಇವುಗಳಿಗೆ ಬೇಕೇ ಬೇಕು. ಮರ ಕಡಿದು ನೆಲಕ್ಕೆ ಬಿಸಿಲು ಬಿದ್ದರೆ ಹತ್ತಿರದಲ್ಲಿ ಎಷ್ಟು ದೊಡ್ಡ ಕೆರೆಯಿದ್ದರೂ ಇವುಗಳಿಗೆ ಪ್ರಯೋಜನವಿಲ್ಲ.

ಹರಿಯುವ ತೋಡು

ರಾಣಿಪುರಂನಂಥ ಎತ್ತರದ ಕಾಡುಗಳಿಂದ ಇಳಿಯುವ ತೊರೆಗಳಲ್ಲಿ ತೊಂದರೆ ಎರಡು: ಸೆಳೆತ ಮತ್ತು ಸದ್ದು. ಸೆಳೆತಕ್ಕೆ ಮೊಟ್ಟೆ ಕೊಚ್ಚಿಹೋಗುತ್ತದೆ, ಸದ್ದಿಗೆ ಗಂಡಿನ ಕೂಗು ಕೇಳಿಸುವುದಿಲ್ಲ. ಕಪ್ಪೆಗಳಿಗೆ ಕೂಗೇ ಗುರುತು. ಪ್ರತಿ ಪ್ರಭೇದಕ್ಕೂ ತನ್ನದೇ ದನಿಯಿದ್ದು, ಕತ್ತಲಲ್ಲಿ ಹೆಣ್ಣು ತನ್ನವನನ್ನು ಹುಡುಕುವುದು ಅದರಿಂದಲೇ. ಪಶ್ಚಿಮಘಟ್ಟದ ಕುಣಿಯುವ ಕಪ್ಪೆಗಳು ಕೂಗಿನ ಜೊತೆಗೆ ಹಿಂಗಾಲನ್ನು ಹೊರಚಾಚಿ, ಬೆರಳ ಪೊರೆಯನ್ನು ಬಿಡಿಸಿ ತೋರಿಸಿ ಕಣ್ಣಿಗೆ ಸಂಕೇತ ಕೊಡುತ್ತವೆ. ಚಿಕ್ಕಮಗಳೂರಿನ ಕೊಟ್ಟಿಗೆಹಾರದ ಹೆಸರು ಹೊತ್ತ ಪ್ರಭೇದ ಇವುಗಳಲ್ಲಿ ಒಂದು, 2014ರಲ್ಲಿ ಕಪ್ಪೆಗಳ ಸಂಶೋಧಕ ಎಸ್. ಡಿ. ಬಿಜು ಮತ್ತು ಸಂಗಡಿಗರು ಇದೇ ಬಳಗದ 14 ಹೊಸ ಪ್ರಭೇದಗಳನ್ನು ಒಮ್ಮೆಗೇ ವಿವರಿಸಿದರು. ಹೆಣ್ಣು ತೊರೆಯ ತಳವನ್ನು ಕಾಲಿನಿಂದ ತೋಡಿ ಮೊಟ್ಟೆಯನ್ನು ಮುಚ್ಚಿಡುತ್ತದೆ. ಇವುಗಳ ಗೊದಮೊಟ್ಟೆಗಳು ಬಹುಕಾಲ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಂದು ಪ್ರಭೇದದ ಗೊದಮೊಟ್ಟೆಗಳು ತೊರೆಯ ಮರಳಿನೊಳಗೆ ಹೂತುಕೊಂಡು ಬೆಳೆಯುತ್ತವೆ ಎಂದು 2016ರಲ್ಲಿ ತಿಳಿದುಬಂತು.

ನೆಲದೊಳಗೆ ಕಳೆಯುವ ಬೇಸಿಗೆ

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಸುರಿದು ಮುಗಿಯುತ್ತದೆ. ಜನರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದುಕೊಂಡದ್ದು ಈ ದೀರ್ಘ ಒಣಗಾಲಕ್ಕಾಗಿಯೇ. ಹಲವು ಕಪ್ಪೆಗಳು ಒಣಗಾಲವನ್ನು ನೆಲದ ಅಡಿಯಲ್ಲಿ ಕಳೆಯುತ್ತವೆ. ಹೂಳುವ ಕಪ್ಪೆಗಳ ಹಿಂಗಾಲಿನ ಅಡಿಯಲ್ಲಿ ಸಣ್ಣ ಗುದ್ದಲಿಯಂಥ ಗಟ್ಟಿ ಉಬ್ಬು ಇರುತ್ತದೆ. ಅದರಿಂದ ಮಣ್ಣನ್ನು ಬದಿಗೆ ತಳ್ಳುತ್ತ ಹಿಮ್ಮುಖವಾಗಿ ಕೆಳಕ್ಕೆ ಇಳಿಯುತ್ತವೆ. ಮಣ್ಣಿನೊಳಗೆ ಎದೆಬಡಿತ, ಉಸಿರಾಟ ಎಲ್ಲವೂ ಕುಗ್ಗಿ, ಮೂತ್ರಕೋಶದಲ್ಲಿ ಕೂಡಿಟ್ಟ ನೀರು ಸ್ವಲ್ಪಸ್ವಲ್ಪವೇ ದೇಹಕ್ಕೆ ಮರಳುತ್ತದೆ. ಇದಕ್ಕೆ ಗ್ರೀಷ್ಮನಿದ್ರೆ ಎಂದು ಹೆಸರು.

ಈ ದಾರಿಯಲ್ಲಿ ಅತಿ ದೂರ ಸಾಗಿದ್ದು 2003ರಲ್ಲಿ ಇಡುಕ್ಕಿಯಿಂದ ವಿವರಿಸಲಾದ ನೇರಳೆ ಕಪ್ಪೆ. ನೆಲದೊಳಗೇ ಗೆದ್ದಲು ತಿಂದು ಬದುಕುವ ಅದು ಮಳೆಯ ಆರಂಭದಲ್ಲಿ ಕೆಲವೇ ದಿನ ಮೇಲೆ ಬಂದು ತೊರೆಯಲ್ಲಿ ಮೊಟ್ಟೆಯಿಟ್ಟು ಮರಳುತ್ತದೆ. ಅದರ ಗೊದಮೊಟ್ಟೆಗಳ ಬಾಯಿ ಬಂಡೆಗೆ ಕಚ್ಚಿ ಹಿಡಿಯುವ ಹೀರುಬಿಲ್ಲೆಯಂತಿದ್ದು, ಮಳೆಗಾಲದ ಸೆಳೆತದಲ್ಲೂ ಅವು ಕೊಚ್ಚಿಹೋಗುವುದಿಲ್ಲ. ಅದರ ಹತ್ತಿರದ ನಂಟರು ಇರುವುದು ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳಲ್ಲಿ. ಭಾರತ ಮತ್ತು ಆ ದ್ವೀಪಗಳು ಒಂದೇ ಭೂಖಂಡವಾಗಿದ್ದ ಕಾಲದ ಸಂಬಂಧ ಅದು.

ಉಪ್ಪು, ಮರುಭೂಮಿ, ಮಂಜು

ಬೇಸಿಗೆಯಲ್ಲಿ ಚಂದ್ರಗಿರಿ ಹೊಳೆಯಲ್ಲಿ ಸಮುದ್ರದ ನೀರು ಮೇಲಕ್ಕೇರಿ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬಂದ ವರ್ಷಗಳು ಊರಿನವರಿಗೆ ನೆನಪಿವೆ. ಅಂಥ ನೀರು ಹೆಚ್ಚಿನ ಕಪ್ಪೆಗಳಿಗೆ ಆಗದು, ಏಕೆಂದರೆ ಹೊರಗಿನ ಉಪ್ಪು ಅವುಗಳ ಚರ್ಮದಿಂದ ನೀರನ್ನು ಹೊರಗೆಳೆಯುತ್ತದೆ. ಆಗ್ನೇಯ ಏಷ್ಯಾದ ಕಾಂಡ್ಲಾವನಗಳ ಏಡಿ ತಿನ್ನುವ ಕಪ್ಪೆ ರಕ್ತದಲ್ಲಿ ಯೂರಿಯಾ ಶೇಖರಿಸಿಕೊಂಡು ಒಳಗಿನ ಸಾಂದ್ರತೆಯನ್ನು ಹೊರಗಿನದಕ್ಕೆ ಸರಿದೂಗಿಸುತ್ತದೆ. ಆಸ್ಟ್ರೇಲಿಯದ ಒಣನೆಲದ ಒಂದು ಕಪ್ಪೆ ಕಳಚಿದ ಚರ್ಮದ ಪದರಗಳಿಂದಲೇ ಮೈಸುತ್ತ ಕೋಶ ಮಾಡಿಕೊಂಡು ನೆಲದೊಳಗೆ ಮಳೆಗೆ ಕಾಯುತ್ತದೆ. ಅಲಾಸ್ಕಾದ ಕಾಡುಗಪ್ಪೆ ಚಳಿಗಾಲದಲ್ಲಿ ಎದೆಬಡಿತವೂ ನಿಂತು ಹೆಪ್ಪುಗಟ್ಟುತ್ತದೆ, ಜೀವಕೋಶಗಳಲ್ಲಿ ತುಂಬಿಕೊಂಡ ಗ್ಲೂಕೋಸ್ ಅವುಗಳನ್ನು ಹಾನಿಯಿಂದ ಕಾಯುತ್ತದೆ, ವಸಂತದಲ್ಲಿ ಮಂಜು ಕರಗಿದಂತೆ ಎದೆ ಮತ್ತೆ ಬಡಿಯುತ್ತದೆ.

ಮಳೆಯ ದಿನ ತಪ್ಪಿದಾಗ, ಪಳ್ಳ ಇಲ್ಲವಾದಾಗ

ಗಡುವಿನ ನೀರನ್ನು ನಂಬಿದ ಕಪ್ಪೆಗಳಿಗೆ ಮಳೆಯ ಒಟ್ಟು ಪ್ರಮಾಣಕ್ಕಿಂತ ಅದು ಬಿಡುವಿಲ್ಲದೆ ಮುಂದುವರಿಯುವುದು ಮುಖ್ಯ. ಮೇ ತಿಂಗಳಲ್ಲಿ ಜೋರಾಗಿ ಸುರಿದ ಮಳೆಗೆ ಕಪ್ಪೆಗಳು ಮೊಟ್ಟೆಯಿಟ್ಟು, ಆಮೇಲೆ ಎರಡು ಮೂರು ವಾರ ಬಿಸಿಲು ಕಾದರೆ ಸಣ್ಣ ಪಳ್ಳಗಳ ಮರಿಗಳು ಉಳಿಯುವುದಿಲ್ಲ. ಕೆಲವು ಪ್ರಭೇದಗಳ ಗೊದಮೊಟ್ಟೆಗಳು ನೀರು ಕುಗ್ಗುವುದನ್ನು ಗ್ರಹಿಸಿ ರೂಪಾಂತರವನ್ನು ಬೇಗ ಮುಗಿಸಬಲ್ಲವು. ಅಮೆರಿಕದ ಮರುಭೂಮಿಯ ಒಂದು ಕಪ್ಪೆ ಎಂಟು ಹತ್ತು ದಿನಗಳಲ್ಲೇ ಮುಗಿಸುತ್ತದೆ. ಆದರೆ ಅವಸರದಲ್ಲಿ ದಡ ಸೇರಿದ ಮರಿ ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ಚಿಕ್ಕ ಮರಿ ಬದುಕಿ ಉಳಿಯುವ ಸಂಭವವೂ ಕಡಿಮೆ.

ಪಳ್ಳ ಮುಚ್ಚಿದ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆಯ ಆಳವಾದ ಹೊಂಡ ಉಳಿದರೆ ನೀರೇನೋ ಸಿಕ್ಕಿತು, ಕಪ್ಪೆಗೆ ನಷ್ಟವಾಗಲಿಲ್ಲ ಎಂದು ಅನಿಸಬಹುದು. ನೀರಿನ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಹಾಗಲ್ಲ. ಆಳದ ಹೊಂಡ ಬತ್ತದು, ಬತ್ತದ ಹೊಂಡಕ್ಕೆ ಮೀನು ಸೇರುತ್ತದೆ, ಕಡಿದಾದ ಗೋಡೆಗಳಿಂದ ಮರಿಕಪ್ಪೆ ಮೇಲೇರಲು ಕಷ್ಟವಾಗುತ್ತದೆ. ಬಾವಿ ಕೆರೆಯ ಕಪ್ಪೆಗಳಿಗೆ ಅದು ಒಗ್ಗಬಹುದು, ಪಳ್ಳದ ಕಪ್ಪೆಗಳಿಗೆ ಒಗ್ಗದು.

ಸೊಳ್ಳೆ ನಿಯಂತ್ರಣಕ್ಕೆಂದು ಮಳೆಗಾಲದ ಮೊದಲು ಗಪ್ಪಿ, ಗಂಬೂಸಿಯಾ ಮೀನುಗಳನ್ನು ನೀರಿಗೆ ಬಿಡುವ ರೂಢಿ ನಮ್ಮಲ್ಲಿದೆ. ಅಮೆರಿಕ ಮೂಲದ ಗಂಬೂಸಿಯಾ ಭಾರತಕ್ಕೆ ಬಂದದ್ದು 1928ರಲ್ಲಿ. ಸೊಳ್ಳೆಯ ಮರಿಗಳ ಜೊತೆಗೆ ಕಪ್ಪೆಯ ಮೊಟ್ಟೆ, ಗೊದಮೊಟ್ಟೆಗಳನ್ನೂ ಅದು ತಿನ್ನುತ್ತದೆ. ಮುಚ್ಚಿಡಲಾಗದ ಸಿಮೆಂಟಿನ ತೊಟ್ಟಿ, ಬಳಸದೆ ಬಿಟ್ಟ ಬಾವಿ ಇಂಥ ಕಡೆ ಮೀನಿನಿಂದ ಉಪಯೋಗವಿದೆ. ಮೇ ಹೊತ್ತಿಗೆ ಪೂರ್ತಿ ಒಣಗಿ ಜೂನ್‌ನಲ್ಲಿ ಮತ್ತೆ ತುಂಬುವ ಗುಡ್ಡೆಯ ಪಳ್ಳಕ್ಕೆ ಅದನ್ನು ಬಿಟ್ಟರೆ ಮೀನು ಮುಂದಿನ ಬೇಸಿಗೆಗೆ ಹೇಗೂ ಸಾಯುತ್ತದೆ, ಅಷ್ಟರೊಳಗೆ ಆ ವರ್ಷದ ಕಪ್ಪೆಮರಿಗಳನ್ನೂ ಸೊಳ್ಳೆಯ ಮರಿ ತಿನ್ನುವ ಗೂಳಿಕಪ್ಪೆಯ ಗೊದಮೊಟ್ಟೆಗಳನ್ನೂ ತಿಂದು ಮುಗಿಸಿರುತ್ತದೆ. ಆದ್ದರಿಂದ ಮೀನು ಬಿಡುವ ಮೊದಲು ಆ ನೀರು ಬೇಸಿಗೆಯಲ್ಲಿ ಬತ್ತುತ್ತದೆಯೇ ಎಂದು ಊರಿನ ಹಿರಿಯರಲ್ಲಿ ಕೇಳಿ ತಿಳಿದು, ಬತ್ತುವ ಪಳ್ಳಗಳನ್ನು ಪಟ್ಟಿಯಿಂದ ಬಿಡುವಂತೆ ಪಂಚಾಯತಿನ ಆರೋಗ್ಯ ಕಾರ್ಯಕರ್ತರಿಗೆ ಹೇಳಬಹುದು.